ದೇವರ ಸಾಮಾನು ಯಾರದು?



ಕಳೆದ ಶ್ರಾವಣದ ಒಂದು ಸೋಮವಾರ ತರೀಕೆರೆ ಕಡೆಯ ಸಂಘವೊಂದರ ಹೆಣ್ಣುಮಕ್ಕಳ ಜೊತೆ ಅಮೃತಾಪುರಕ್ಕೆ ಹೋಗಿದ್ದೆ. ಅಮೃತೇಶ್ವರನ ದರ್ಶನ ಮುಗಿಸಿ, ಹೊರಗೋಡೆಯ ರಾಮಾಯಣದ ಕೆತ್ತನೆಗಳನ್ನು ಒಂದೊಂದಾಗಿ ಗುರುತಿಸುತ್ತ ಸುತ್ತು ಹಾಕಿ, ಕೊನೆಗೆ ಶಾಸನದ ಕಲ್ಲಿನ ಮುಂದೆ ನಿಂತೆವು. “ಇಷ್ಟೊಂದು ಅಕ್ಷರ ಯಾತಕ್ಕೆ ಕೆತ್ತವ್ರೆ ಮೇಡಂ?” ಎಂದು ಒಬ್ಬಾಕೆ ಕೇಳಿದಳು. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತ ಕಟ್ಟಿಸಿದ ಗುಡಿ, ಶಾಸನದಲ್ಲಿರುವುದು ಜನ್ನ ಕವಿಯ ಪದ್ಯ ಎಂದು ನಾನು ಪಾಠ ಶುರು ಮಾಡಿದೆ. ನಿವೃತ್ತಿಯಾದರೂ ಈ ಚಾಳಿ ಹೋಗಿಲ್ಲ. ಆಕೆಗೆ ಬೇಕಿದ್ದದ್ದು ಅದಲ್ಲವೆಂದು ಆಮೇಲೆ ಹೊಳೆಯಿತು. ಹಳೆಯ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆಂದು ಹೇಳಿದೆ: ಕೊಟ್ಟವರು ಯಾರು, ಯಾವ ದೇವರಿಗೆ, ಎಷ್ಟು ಭೂಮಿ, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ, ಕಡೆಗೆ ಕಿತ್ತುಕೊಂಡವನಿಗೆ ಶಾಪ.

ಆಕೆ ತುಸು ಹೊತ್ತು ಸುಮ್ಮನಿದ್ದು, “ದೇವರಿಗೆ ಕೊಟ್ಟದ್ದಕ್ಕೂ ಇಷ್ಟು ಲೆಕ್ಕ ಇಟ್ಟವ್ರೆ. ನಮ್ಮಪ್ಪ ನನ್ನ ಮದುವೇಲಿ ಕೊಟ್ಟದ್ದಕ್ಕೆ ಒಂದು ಚೀಟೀನೂ ಇಲ್ಲ” ಅಂದಳು.

ಅವಳ ಕತೆ ನಮ್ಮಲ್ಲಿ ಅನೇಕರ ಕತೆ. ಮಾತುಕತೆಯ ದಿನ ಗಂಡಿನ ಕಡೆಯವರು “ನಮಗೇನೂ ಬೇಡ” ಎಂದರಂತೆ. ಆದರೆ ದೇವರ ಮನೆಗೆ ಒಂದು ಜೊತೆ ಬೆಳ್ಳಿ ದೀಪ, ಕಳಸ, ತಟ್ಟೆ. ಅಳಿಯನಿಗೆ ಬೆಳ್ಳಿಯ ಕರಡಿಗೆ. “ಅದು ದೇವರಿಗೆ, ನಮಗಲ್ಲ.” ವರದಕ್ಷಿಣೆ ಕೇಳಿದ್ದರೆ ಎದ್ದು ಬರುತ್ತಿದ್ದೆ ಎನ್ನುವ ಅಪ್ಪ, ದೇವರ ಹೆಸರು ಬಂದೊಡನೆ ತಲೆಬಾಗಿ, ಅಡಿಕೆ ತೋಟದ ಫಸಲನ್ನು ಚೇಣಿಗೆ ಬರೆದುಕೊಟ್ಟ. ನಾಲ್ಕು ವರ್ಷ ಏಟು ತಿಂದು ಮಗಳು ತವರಿಗೆ ಬಂದಳು. ತನ್ನ ಸಾಮಾನು ಕೇಳಿದಾಗ ಅತ್ತೆ ಕೊಟ್ಟ ಉತ್ತರ: “ದೇವರ ಸಾಮಾನು ಹೊಸಿಲು ದಾಟಬಾರದು.” ಅದಕ್ಕಿಂತ ಬೇಸರದ ಸಂಗತಿಯೆಂದರೆ ಅವಳ ಅಪ್ಪನೂ ಹೌದೆಂದು ತಲೆಯಾಡಿಸಿದ್ದು.

ಪ್ರೀತಿಸುವವರಿಗೆ ದೇವರ ಹೆಸರಿನಲ್ಲಿ ಏನಾದರೂ ಕೊಡುವುದು ತಪ್ಪೇ? ಖಂಡಿತ ಅಲ್ಲ. ಗೌರಿ ಹಬ್ಬಕ್ಕೆ ನನ್ನ ತಾಯಿಗೆ ತವರಿನಿಂದ ಬರುತ್ತಿದ್ದ ಮರದ ಬಾಗಿನ ಇನ್ನೂ ಕಣ್ಣಿಗೆ ಕಟ್ಟಿದೆ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬೇಳೆ, ಬೆಲ್ಲ, ಒಂದು ರವಿಕೆ ಕಣ. ಸೋದರಮಾವ ಅದನ್ನು ಚೀಲದಲ್ಲಿ ಹಿಡಿದು ಮೈಲುಗಟ್ಟಲೆ ನಡೆದು ಬರುತ್ತಿದ್ದ. ಬಾಗಿನಕ್ಕಿಂತ ಅವನು ಬಂದು ಜಗಲಿಯಲ್ಲಿ ಕೂತದ್ದೇ ಅಮ್ಮನಿಗೆ ಹಬ್ಬ. ನಿನಗೊಂದು ಕಡೆ ಇದೆ ಎಂದು ಗಂಡನ ಮನೆಯವರೆಲ್ಲರ ಎದುರು ಹೇಳಿದಂತೆ. ಅದೇ ಬಾಗಿನ ಈಗ ಎಷ್ಟೋ ಮನೆಗಳಲ್ಲಿ ಬೆಳ್ಳಿ ಮರಕ್ಕೆ, ಅಳಿಯನ ಉಂಗುರಕ್ಕೆ ಏರಿದೆ. ಮೊದಲ ವರ್ಷದ ಬಾಗಿನ ಕಡಿಮೆಯಾಯಿತೆಂಬ ಚುಚ್ಚುಮಾತು ಮುಂದಿನ ಗೌರಿಯವರೆಗೂ ನಿಲ್ಲುವುದಿಲ್ಲ. ಸಂಘದ ಪುಸ್ತಕದಲ್ಲಿ ‘ಹಸು ಸಾಲ’ ಎಂದು ಬರೆದು ಬೆಳ್ಳಿ ಕೊಂಡವರು ನಮ್ಮಲ್ಲೂ ಇದ್ದಾರೆ. ನಗಬೇಡಿ, ಆ ಹಸುವಿನ ಕಂತು ಕಟ್ಟುವವರೂ ನಾವೇ.

‘ವರದಕ್ಷಿಣೆ’ ಎಂಬ ಮಾತನ್ನೇ ನೋಡಿ. ದಕ್ಷಿಣೆ ಪೂಜೆಯ ಮಾತು. ದಕ್ಷಿಣೆಯಿಲ್ಲದೆ ದಾನ ಪೂರ್ತಿಯಾಗದು ಎನ್ನುತ್ತಾರೆ. ಹಾಗಾಗಿ ಕನ್ಯೆಯ ದಾನಕ್ಕೂ ದಕ್ಷಿಣೆ ಜೊತೆಯಾಯಿತು. ಧರ್ಮದ ಬಾಗಿಲಿನಿಂದ ಒಳಗೆ ಬಂದದ್ದು ಸ್ಕೂಟರು, ಸೈಟುಗಳವರೆಗೆ ಬೆಳೆಯಿತು. ಮುಸ್ಲಿಂ ಸೋದರಿಯರಲ್ಲಿ ಮೆಹರ್ ಗಂಡು ಹೆಣ್ಣಿಗೆ ಕೊಡಲೇಬೇಕಾದ ಧಾರ್ಮಿಕ ಹಕ್ಕು; ಅಲ್ಲೂ ಮೆಹರ್ ಮಾತಿನಲ್ಲೇ ಉಳಿದು ಹೆಣ್ಣಿನ ಮನೆಯ ಹಣ ಆಚೆ ಹೋಗುವುದನ್ನು ಕಾಣುತ್ತೇವೆ. ಪ್ರೇಮಿಸುವ ಹುಡುಗ ಹುಡುಗಿಯರೂ ಇದರಿಂದ ಹೊರತಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ಕೈಗೆ ಅವಳ ಗೆಳೆಯ ಕ್ಷೇತ್ರದಿಂದ ತಂದ ದಾರ ಕಟ್ಟಿ, ಬೇರೆ ಹುಡುಗರ ಜೊತೆ ಮಾತಾಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದ. ಅವಳು ಅದನ್ನು ಪ್ರೀತಿ ಎಂದುಕೊಂಡಿದ್ದಳು. ದಾರವನ್ನು ಬಿಚ್ಚಲು ಅವಳಿಗೆ ಎರಡು ವರ್ಷ ಬೇಕಾಯಿತು, ಗೆಳೆಯನ ಹೆದರಿಕೆಗಿಂತ ದೇವರ ಹೆದರಿಕೆಯೇ ಹೆಚ್ಚಾಗಿ.

ಪ್ರೀತಿಯಿಂದ ಕೊಟ್ಟದ್ದು ಹೇಗಿರುತ್ತದೆ? ಅಮೃತಾಪುರದ ಗುಡಿ ಕಟ್ಟಿದ ಕಾಲದ ಅದೇ ವೀರಬಲ್ಲಾಳನ ಆಸ್ಥಾನದಿಂದ ಒಂದು ಉದಾಹರಣೆ ಕೊಡುತ್ತೇನೆ. ಅವನ ಮಂತ್ರಿ ಚಂದ್ರಮೌಳಿ ಶಿವಭಕ್ತ, ಹೆಂಡತಿ ಆಚಿಯಕ್ಕ ಜೈನಳು. 1181ರಲ್ಲಿ ಆಕೆ ಶ್ರವಣಬೆಳಗೊಳದಲ್ಲಿ ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದಳು. ಇಂದಿಗೂ ಅದು ಗಂಡನ ಹೆಸರಿನಲ್ಲಿಲ್ಲ, ‘ಅಕ್ಕನ ಬಸದಿ’. ಶಿವಭಕ್ತನಾದ ಗಂಡನೇ ರಾಜನನ್ನು ಕೇಳಿ ಬೊಮ್ಮೆಯನಹಳ್ಳಿಯನ್ನು ಆ ಬಸದಿಗೆ ದತ್ತಿ ಕೊಡಿಸಿದ. ನನ್ನ ದೇವರಿಗೆ ಬಾ ಎನ್ನಲಿಲ್ಲ. ಅವಳ ದೇವರಿಗೆ, ಅವಳ ಕೆಲಸಕ್ಕೆ ಕೊಡಿಸಿದ. ಅದನ್ನು ಕಲ್ಲಿನಲ್ಲಿ ಬರೆಸಿಯೂ ಇಟ್ಟರು. ಅವರ ಸಂಸಾರ ಒಳಗೆ ಹೇಗಿತ್ತೋ ಶಾಸನ ಹೇಳುವುದಿಲ್ಲ. ಮಂತ್ರಿಯ ಹೆಂಡತಿಗೂ ಕೂಲಿಯವನ ಹೆಂಡತಿಗೂ ಅಂತರವಿದೆ ಎನ್ನುವುದೂ ನಿಜ. ಆದರೂ ಕೊಡುವ ಈ ರೀತಿ ನನಗೆ ಹಿಡಿಸುತ್ತದೆ.

ಇನ್ನು ಆ ಹೆಣ್ಣುಮಗಳ ಬೆಳ್ಳಿಯ ಮಾತು. ಕಾನೂನಿಗೆ ‘ದೇವರ ಸಾಮಾನು’ ಎಂಬ ನೆಪ ಗೊತ್ತಿಲ್ಲ. ಮದುವೆಗೆ ಸಂಬಂಧಿಸಿ ಕೇಳಿ ಪಡೆದದ್ದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ವರದಕ್ಷಿಣೆಯೇ, ದೀಪವಾದರೂ ಕಳಸವಾದರೂ. ಅದನ್ನು ಬೇರೆಯವರು ಪಡೆದಿದ್ದರೂ ಹೆಣ್ಣಿಗೇ ಒಪ್ಪಿಸಬೇಕೆಂದು ಅದೇ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಅವಳಿಗೆಂದು ಕೊಟ್ಟದ್ದು ಸ್ತ್ರೀಧನ. ಗಂಡನ ಮನೆಯಲ್ಲಿಟ್ಟ ಮಾತ್ರಕ್ಕೆ ಅದು ಗಂಡನದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿಯವರ ಮೊಕದ್ದಮೆಯಲ್ಲಿ ಹೇಳಿತು, 2024ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸ್ತ್ರೀಧನವನ್ನು ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಗಂಡ ಕಟ್ಟಿದ ತಾಳಿಯೂ ಅವಳದೇ. ಗಿರವಿ ಅಂಗಡಿಗೆ ಒಯ್ಯುವಾಗ “ನಾನು ಕಟ್ಟಿದ್ದು ತಾನೇ” ಎನ್ನುವವರಿಗೆ ಇದನ್ನು ತಿಳಿಸಿ.

ಕೇಳದೆ, ಪ್ರೀತಿಯಿಂದ, ಕೊಡುವವರ ಶಕ್ತಿಗೆ ತಕ್ಕಂತೆ ಕೊಟ್ಟ ಉಡುಗೊರೆಗೆ ಕಾಯ್ದೆಯ ಅಡ್ಡಿಯಿಲ್ಲ. ಆದರೆ ಪಟ್ಟಿ ಬೇಕು. 1985ರ ನಿಯಮಗಳ ಪ್ರಕಾರ ಮದುವೆಯ ಹೊತ್ತಿಗೆ, ಇಲ್ಲವೇ ಆದಷ್ಟು ಬೇಗ, ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂದು ಬರೆದು, ಹೆಣ್ಣು ಗಂಡು ಇಬ್ಬರೂ ಸಹಿ ಹಾಕಬೇಕು. ಹೆಣ್ಣಿಗೆ ಕೊಟ್ಟ ಉಡುಗೊರೆಗಳ ಪಟ್ಟಿ ಹೆಣ್ಣಿನ ಬಳಿಯೇ ಇರಬೇಕು. ಸಹಿ ಬಾರದ ಹೆಣ್ಣು ಪಟ್ಟಿಯನ್ನು ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಬಹುದು. ಓದಿ ಹೇಳಿದವರ ಸಹಿಯೂ ಇರಲಿ. “ಶುಭಕಾರ್ಯದಲ್ಲಿ ಇದೆಂಥ ಲೆಕ್ಕ” ಎನ್ನುವವರನ್ನು ಅಮೃತಾಪುರಕ್ಕೆ ಕರೆದುಕೊಂಡು ಹೋಗಿ.

ಆ ದಿನ ಗುಡಿಯ ಜಗಲಿಯ ಮೇಲೆ ಕೂತೇ ನೆನಪಿನಿಂದ ಅವಳ ಪಟ್ಟಿ ಬರೆದೆವು. ಹನ್ನೊಂದು ವಸ್ತು. ಒಂಬತ್ತಕ್ಕೆ ಮದುವೆಯ ಫೋಟೋದಲ್ಲಿ ಸಾಕ್ಷಿ ಸಿಕ್ಕಿತು, ಕರಡಿಗೆಗೆ ಅಂಗಡಿಯ ರಸೀದಿ ಅವಳ ಅಣ್ಣನ ಪೆಟ್ಟಿಗೆಯಲ್ಲಿತ್ತು. ಸಂಘದ ಇಬ್ಬರು ಜೊತೆಗೆ ಹೋಗಿ ತಾಲ್ಲೂಕಿನ ಸಂರಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಗೌರಿ ಹಬ್ಬಕ್ಕೆ ಮುಂಚಿನ ಸಭೆಗೆ ನೀವೆಲ್ಲರೂ ನಿಮ್ಮ ನಿಮ್ಮ ಪಟ್ಟಿ ಬರೆದು ತನ್ನಿ. ಬರೆಯಲು ಬಾರದವರು ಫೋಟೋ ಆಲ್ಬಂ ತನ್ನಿ, ಕೂತು ಬರೆಯೋಣ.