ಆಸ್ಪತ್ರೆಯ ಗೋಡೆ ಹೇಳುವ ಚರಿತ್ರೆ

ಇಟಲಿಯ ಸಿಯೆನಾದಲ್ಲಿ ಕೆಥೆಡ್ರಲ್‌ನ ಎದುರಿಗೇ ಇರುವ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಈಗ ಮ್ಯೂಸಿಯಂ. ಅದಕ್ಕೂ ಮುನ್ನ ಹಲವು ಶತಮಾನ ಅದು ಆಸ್ಪತ್ರೆಯಾಗಿತ್ತು. ರೋಮ್‌ಗೆ ನಡೆದು ಹೊರಟ ಯಾತ್ರಿಕರು, ಕಾಯಿಲೆಯವರು, ಹೆತ್ತವರು ತೊರೆದ ಕೂಸುಗಳು ಎಲ್ಲರಿಗೂ ಅಲ್ಲಿ ಜಾಗವಿತ್ತು. ಲೇಖಕ ಇಟಾಲೊ ಕಾಲ್ವಿನೊ 1985ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಇಂದು ನಗರದ ಪುರಾತತ್ತ್ವ ಸಂಗ್ರಹ ಅದರೊಳಗಿದೆ. ಯಾಕೊಪೊ ದೆಲ್ಲಾ ಕ್ವೆರ್ಚಾ ಪೇಟೆಚೌಕದ ಕಾರಂಜಿಗೆ ಕೆತ್ತಿದ ಮೂಲ ಶಿಲ್ಪಗಳೂ ಇವೆ. ಇವೆಲ್ಲ ಅಮೂಲ್ಯವೇ. ಆದರೆ ಈ ಮ್ಯೂಸಿಯಂನಲ್ಲಿ ಮೊದಲ ಮಣೆ ಸಲ್ಲಬೇಕಾದದ್ದು ಆಸ್ಪತ್ರೆಯ ಚರಿತ್ರೆಗೆ.

ಇದಕ್ಕೆ ಆಧಾರ ಅಲ್ಲಿನ ಗೋಡೆಗಳಲ್ಲೇ ಇದೆ. 'ಪೆಲ್ಲೆಗ್ರಿನಾಯೊ' ಎಂಬ ಉದ್ದನೆಯ ಹಜಾರದಲ್ಲಿ 1440ರ ದಶಕದಲ್ಲಿ ದೊಮೆನಿಕೊ ದಿ ಬಾರ್ತೊಲೊ ಮತ್ತಿತರರು ಬರೆದ ಭಿತ್ತಿಚಿತ್ರಗಳ ಮುಖ್ಯ ವಸ್ತು ಆಸ್ಪತ್ರೆಯ ದಿನಚರಿ. ಒಂದು ಚಿತ್ರದಲ್ಲಿ ವೈದ್ಯರು ಮೂತ್ರದ ಸೀಸೆಯನ್ನು ಪರೀಕ್ಷಿಸುತ್ತಾರೆ, ತೊಡೆ ಸೀಳಿದವನನ್ನು ತೊಳೆಯಲಾಗುತ್ತಿದೆ, ಪಕ್ಕದಲ್ಲಿ ಒಬ್ಬ ರೋಗಿ ಪಾದ್ರಿಗೆ ಪಾಪನಿವೇದನೆ ಮಾಡುತ್ತಿದ್ದಾನೆ. ಇನ್ನೊಂದರಲ್ಲಿ ಅನಾಥ ಮಕ್ಕಳ ಪೋಷಣೆಯಿದೆ, ಆಸ್ಪತ್ರೆಯೇ ನಿಂತು ಮಾಡಿಸಿದ ಹೆಣ್ಣುಮಗಳ ಮದುವೆಯಿದೆ. ರೋಗಿಗಳು ಮಲಗುತ್ತಿದ್ದ ಹಜಾರದಲ್ಲೇ ಅವರ ಆರೈಕೆಯ ಚಿತ್ರಗಳಿದ್ದವು. ಅಲ್ಲಿ ಮಂಚಗಳಿದ್ದವು ಎಂಬುದನ್ನು ಮರೆತು ನೋಡಿದರೆ ಅವುಗಳ ಅರ್ಥದಲ್ಲಿ ಅರ್ಧ ಉಳಿಯುವುದಿಲ್ಲ.

ಪ್ರವಾಸಿಗರು ಬರುವುದು ಸೊಬಗು ನೋಡಲು, ಕಾಯಿಲೆಯ ಕಥೆ ಕೇಳಲು ಅಲ್ಲ ಎಂಬ ಆಕ್ಷೇಪವಿದೆ. ಇಲ್ಲಿ ಆ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ಸೊಬಗು ಮೂಡಿರುವುದೇ ಗಾಯ ತೊಳೆಯುವ ಕೆಲಸದ ಚಿತ್ರಣದಲ್ಲಿ. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವೆಂದರೆ, ಈ ಚಿತ್ರಗಳು ಸಂಸ್ಥೆ ತನ್ನನ್ನು ತಾನೇ ಹೊಗಳಿಕೊಂಡದ್ದು, ಅವನ್ನು ಚರಿತ್ರೆಯೆಂದು ನಂಬುವುದು ಹೇಗೆ ಎಂಬುದು. ಮಾತು ನಿಜ. ಹಳ್ಳಿಗಾಡಿನಲ್ಲಿ ವಿಶಾಲ ಜಮೀನು, ಕೂನಾ ಎಂಬ ಊರಿನಲ್ಲಿ ಕೋಟೆಯಂಥ ಕಣಜ ಹೊಂದಿದ್ದ ಆಸ್ಪತ್ರೆ ಅದು. ದಾನಿಗಳ ಕಣ್ಣಿಗೆ ಉದಾರವಾಗಿ ಕಾಣುವುದು ಅದಕ್ಕೆ ಬೇಕಿತ್ತು. ಹಾಗೆಂದು ಚಿತ್ರಗಳನ್ನು ಬರೀ ಕಲೆಯೆಂದು ನೋಡಿ ಮುಂದೆ ಸಾಗಿದರೆ ಆ ಹೊಗಳಿಕೆಯೇ ಪ್ರಶ್ನೆಯಿಲ್ಲದೆ ಉಳಿಯುತ್ತದೆ. ಜಮೀನಿನ ಆದಾಯ ಎಷ್ಟು, ಊಟ ಯಾರಿಗೆ ಸಿಕ್ಕಿತು, ಎಷ್ಟು ಕೂಸುಗಳು ಬದುಕಿದವು ಎಂಬ ಪ್ರಶ್ನೆಗಳನ್ನು ಚಿತ್ರದ ಪಕ್ಕದಲ್ಲೇ ಎತ್ತಬೇಕು.

ಹಳೆಯ ಕಟ್ಟಡದಲ್ಲಿ ಇಂದಿನ ಚಿಕಿತ್ಸೆ ಕಷ್ಟ. ಆಸ್ಪತ್ರೆ ಬೇರೆಡೆಗೆ ಹೋದದ್ದು ಸರಿಯೇ. ಆದರೆ ಅದರ ನೆನಪು ಇಲ್ಲೇ ಉಳಿಯಬೇಕು. ಕಾರಂಜಿಯ ಶಿಲ್ಪಗಳಿಗೆ ಬೇರೊಂದು ಸೂರು ಹುಡುಕಬಹುದು, ರೋಗಿಗಳ ನೆನಪಿಗೆ ಇರುವುದು ಆ ಹಜಾರ ಮಾತ್ರ. ಜಾಗವೋ ಹಣವೋ ಸಾಲದೆ ಆಯ್ಕೆ ಮಾಡಬೇಕಾದಾಗ ಮ್ಯೂಸಿಯಂ ಅದರ ಪರ ನಿಲ್ಲಬೇಕು.