ನಮ್ಮ ಅಂಗಳಕ್ಕೆ ಯಾವ ಬಳ್ಳಿ?

ಮನೆಯ ಮುಂದೆ ಒಂದು ಹೂವಿನ ಬಳ್ಳಿಯಿರಬೇಕೆಂಬ ಆಸೆ ನಮ್ಮವರಿಗೆ ಹೊಸದೇನೂ ಅಲ್ಲ. ಆ ಬಳ್ಳಿ ಯಾವುದೆಂಬುದನ್ನು ಕೈಫೋನಿನಲ್ಲಿ ಕಾಣುವ ಚಿತ್ರಗಳು ನಿರ್ಧರಿಸತೊಡಗಿರುವುದು ಮಾತ್ರ ಹೊಸದು. ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ನೆಲಸಿರುವ ನಮ್ಮ ಹೋಟೆಲು ಬಂಧುಗಳಲ್ಲಿ, ಬ್ಯಾಂಕು ರೈಲ್ವೆಗಳ ಗುಮಾಸ್ತ ಮಿತ್ರರಲ್ಲಿ, ಕೆಲವರು ಕ್ಲೆಮಾಟಿಸ್ ಎಂಬ ವಿಲಾಯಿತಿ ಬಳ್ಳಿಯನ್ನು ತರಿಸಿ ನೆಡುವ ಉತ್ಸಾಹದಲ್ಲಿದ್ದಾರೆ. ಅಂಗೈಯಗಲದ ನೀಲಿ ಹೂಗಳನ್ನು ಚಿತ್ರದಲ್ಲಿ ಕಂಡವರಿಗೆ ಮನಸ್ಸಾಗುವುದು ಸಹಜವೇ. ಅದರಲ್ಲಿ ಯಾವ ತಳಿ ಉತ್ತಮವೆಂದು ಕೇಳಿದವರಿಗೆ ನಾನು ಕೊಡುವ ಉತ್ತರ ರುಚಿಸುವುದಿಲ್ಲ. ಈ ಎರಡು ಊರುಗಳಿಗೆ ಆ ಹಿರಿಹೂವಿನ ತಳಿಗಳಲ್ಲಿ ಯಾವುದೂ ಹೊಂದುವುದಿಲ್ಲವೆಂಬುದೇ ಆ ಉತ್ತರ. ಅದರ ಕಾರಣವನ್ನೂ, ಬದಲಿಗೆ ಯಾವುದನ್ನು ನೆಡಬಹುದೆಂಬುದನ್ನೂ ಇಲ್ಲಿ ನಿವೇದಿಸುತ್ತೇನೆ.

ಕ್ಲೆಮಾಟಿಸ್ ಎಂಬುದು ಒಂದು ಬಳ್ಳಿಯ ಹೆಸರಲ್ಲ, ಸುಮಾರು 300 ಜಾತಿಗಳುಳ್ಳ ಒಂದು ಕುಲದ ಹೆಸರು. ಚಿತ್ರಗಳಲ್ಲಿ ನಾವು ಕಾಣುವ ದೊಡ್ಡ ಹೂವಿನ ತಳಿಗಳು ಹೆಚ್ಚಾಗಿ ಯುರೋಪಿನ ತೋಟಗಾರರು ಬೆರಕೆ ಮಾಡಿ ಪಡೆದವು. ಕಡುನೇರಳೆ ಬಣ್ಣದ ಪ್ರಸಿದ್ಧ ಜಾಕ್‌ಮನಿ ತಳಿ ಇಂಗ್ಲೆಂಡಿನ ವೋಕಿಂಗ್ ಊರಿನಲ್ಲಿದ್ದ ಜಾಕ್‌ಮನ್ನರ ಸಸ್ಯಕ್ಷೇತ್ರದಲ್ಲಿ 1862ರಲ್ಲಿ ಹೂಬಿಟ್ಟಿತು. ತಿಳಿಗೆಂಪು ಎಸಳಿನ ನಡುವೆ ಗಾಢವಾದ ಪಟ್ಟಿಯುಳ್ಳ ನೆಲ್ಲಿ ಮೋಸರ್ 1897ರಲ್ಲಿ ಫ್ರಾನ್ಸಿನಿಂದ ಬಂದಿತು. ನಮ್ಮ ದೇಶದ್ದೇ ಆದ ಮೊಂಟಾನ ಎಂಬುದೊಂದಿದೆ. ಹಿಮಾಲಯದ ಆ ಬಳ್ಳಿಯನ್ನು 1831ರಲ್ಲಿ ಲೇಡಿ ಆಮ್‌ಹರ್ಸ್ಟ್ ಇಂಗ್ಲೆಂಡಿಗೆ ಒಯ್ದರು. ಇವೆಲ್ಲವೂ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸಿ, ವಸಂತದಲ್ಲಿ ಎಚ್ಚರಗೊಳ್ಳುವ ಬಳ್ಳಿಗಳು. ತಲೆ ಬಿಸಿಲಿನಲ್ಲಿ, ಕಾಲು ತಂಪಿನಲ್ಲಿ ಇರಬೇಕೆಂಬುದು ಇವುಗಳ ವಿಷಯದಲ್ಲಿ ತೋಟಗಾರರು ಪಾಲಿಸುವ ನಿಯಮ. ಮೇ ತಿಂಗಳಲ್ಲಿ ಕೆಲವು ದಿನ 45 ಡಿಗ್ರಿಯನ್ನೂ ಮುಟ್ಟುವ ವಿಜಯವಾಡದಲ್ಲಿ, ಮಧ್ಯಾಹ್ನದ ನಲ್ಲಿಯ ನೀರೇ ಕೈಸುಡುವಾಗ, ಆ ಬಳ್ಳಿಯ ಕಾಲಿಗೆ ತಂಪನ್ನು ಎಲ್ಲಿಂದ ತರುವುದು? ವಿಶಾಖಪಟ್ಟಣದಲ್ಲಿ ಕಡಲ ಗಾಳಿಯಿಂದ ಬಿಸಿಲು ತುಸು ಮೆತ್ತಗಾಗುವುದು ನಿಜ. ಆದರೆ ಅಲ್ಲಿ ಬಳ್ಳಿ ನಿದ್ರಿಸುವಂಥ ಚಳಿಯೂ ಇಲ್ಲ, ಗಾಳಿಯಲ್ಲಿ ಉಪ್ಪು ಬೇರೆ. ಹಣ ತೆತ್ತು ತರಿಸಿದ ಸಸಿ ಎರಡು ತಿಂಗಳು ಬಾಡುತ್ತ ನಿಂತು ಮೂರನೆಯ ತಿಂಗಳಲ್ಲಿ ಒಣಗಿದರೆ ಅದು ಸಾಕಿದವರ ತಪ್ಪಲ್ಲ.

ಈ ಕುಲದ ಒಂದು ಬಡನೆಂಟ ನಮ್ಮ ಹತ್ತಿರವೇ ಇದೆಯೆಂಬುದನ್ನು ಮಾತ್ರ ಮರೆಯಬಾರದು. ಕ್ಲೆಮಾಟಿಸ್ ಗೌರಿಯಾನ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಕಾಡುಬಳ್ಳಿ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ, ಇತ್ತ ಪೂರ್ವ ಘಟ್ಟಗಳಲ್ಲಿಯೂ ಬೆಳೆಯುತ್ತದೆ. ಮರಾಠಿಯಲ್ಲಿ ಇದಕ್ಕೆ ಮೋರವೇಲ ಎನ್ನುತ್ತಾರೆ. ಮಳೆ ನಿಂತ ಮೇಲೆ ಸಣ್ಣಸಣ್ಣ ಬೆಳ್ಳನೆಯ ಹೂಗಳ ಗೊಂಚಲು, ಆಮೇಲೆ ಬೀಜಗಳಿಗೆ ಗರಿಯಂಥ ರೇಷ್ಮೆಯ ಬಾಲ. ಇದಕ್ಕೆ ಪ್ರತ್ಯೇಕವಾದ ಕುಡಿಯಿಲ್ಲ. ಎಲೆಯ ತೊಟ್ಟೇ ಕಡ್ಡಿಗೆ ಸುತ್ತಿಕೊಂಡು ಮೇಲೇರುತ್ತದೆ. ನೋಡಲು ಚೆಂದ. ಆದರೆ ಹಸಿ ರಸ ತಗಲಿದರೆ ಚರ್ಮದಲ್ಲಿ ಬೊಕ್ಕೆಯೇಳುವುದರಿಂದ ಮಕ್ಕಳಿರುವ ಮನೆಗೆ ಅದನ್ನು ಕರೆತರುವುದು ಬೇಡವೆಂದೇ ನನ್ನ ಮತ. ಘಟ್ಟದ ದಾರಿಯಲ್ಲಿ ಕಂಡಾಗ ನಿಂತು ನೋಡಿದರೆ ಸಾಕು.

ಹಾಗಾದರೆ ನೆಡತಕ್ಕದ್ದು ಯಾವುದು? ನೀಲಿ ಹೂವೇ ಬೇಕೆನ್ನುವವರಿಗೆ ನನ್ನ ಮೊದಲ ಆಯ್ಕೆ ಶಂಖಪುಷ್ಪ. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಸುಮಾರು ಎರಡು ತಿಂಗಳಲ್ಲಿ ಹೂ ಕಾಣಬಹುದು. ಬಿಸಿಲಿಗೆ ಅಂಜುವುದಿಲ್ಲ, ಅವರೆ, ತೊಗರಿಗಳ ಬಳಗಕ್ಕೆ ಸೇರಿದ್ದಾದ್ದರಿಂದ ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರವನ್ನೂ ಕೂಡಿಸುತ್ತದೆ. ಒಂಟಿ ಎಸಳಿನದು, ಸುತ್ತೆಸಳಿನದು, ಬಿಳಿಯದು ಎಂದು ಭೇದಗಳುಂಟು. ಸುತ್ತೆಸಳಿನ ಕಡುನೀಲಿಯನ್ನು ಕಂಡ ಮೇಲೆ ಜಾಕ್‌ಮನಿಗಾಗಿ ಕೊರಗುವವರು ಕಡಮೆಯಾದಾರೆಂದು ನನ್ನ ಎಣಿಕೆ. ದೇವರ ಪೂಜೆಗೂ ಸಲ್ಲುತ್ತದೆ. ವಿಲಾಯಿತಿ ಬಳ್ಳಿಗೆ ಆ ಯೋಗ್ಯತೆಯನ್ನು ನಮ್ಮ ಹಿರಿಯರು ಇನ್ನೂ ಕೊಟ್ಟಿಲ್ಲ!

ಎರಡನೆಯದು ಮಲ್ಲಿಗೆ. ಇಲ್ಲಿ ನಮ್ಮವರೊಡನೆ ನನಗೊಂದು ಜಗಳವಿದೆ. ಮಲ್ಲಿಗೆಯೆಂದರೆ ಉಡುಪಿಯ ಶಂಕರಪುರದ್ದೇ ಆಗಬೇಕು, ಇಲ್ಲವೆ ಮೈಸೂರಿನದು, ಇಲ್ಲವೆ ಹಡಗಲಿಯದು. ಉಳಿದದ್ದು ಮಲ್ಲಿಗೆಯೇ ಅಲ್ಲ ಎಂಬ ಮಾತನ್ನು ಪದೇ ಪದೇ ಕೇಳುತ್ತೇವೆ. ಆ ಮೂರಕ್ಕೂ ಈಗ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದು ಹೆಮ್ಮೆಯ ವಿಷಯವೇ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರದ ಹೂವಿನ ಲೆಕ್ಕವನ್ನು ಬಾಲ್ಯದಲ್ಲಿ ಕಲಿತವರಿಗೆ ಆ ಪರಿಮಳ ಮರೆಯುವಂಥದಲ್ಲ. ಆದರೆ ಭೌಗೋಳಿಕ ಗುರುತೆಂದರೇನು? ಆ ಮಣ್ಣು, ಆ ಗಾಳಿ, ಆ ಕೈಗಳ ಆರೈಕೆ ಕೂಡಿದಾಗ ಬಂದ ಗುಣವೆಂದೇ ಅರ್ಥ. ಗಿಡವನ್ನು ಕಿತ್ತು ಕೃಷ್ಣಾ ತೀರದ ಕರಿಮಣ್ಣಿಗೆ ತಂದರೆ ಗಿಡ ಬಂದೀತು, ಶಂಕರಪುರ ಬಾರದು. ಇತ್ತ ವಿಜಯವಾಡದ ಬಳಿಯ ಮೈಲವರದ ಸುತ್ತಣ ತೋಟಗಳಲ್ಲಿ ಮಲ್ಲಿಗೆ ಬೇಸಗೆಯುದ್ದಕ್ಕೂ ಬಿಡುತ್ತದೆ. ಅದನ್ನು ಮುಡಿದು ಸಂಜೆ ಬೀದಿಯಲ್ಲಿ ನಡೆಯುವ ತೆಲುಗು ತಾಯಂದಿರು ತಮ್ಮದು ಕೀಳೆಂದು ಎಂದಾದರೂ ಭಾವಿಸಿದ್ದಾರೆಯೆ? ಇಲ್ಲಿಯ ದುಂಡು ಮಲ್ಲಿಗೆಯನ್ನೇ ನೆಡಿರೆಂದು ನನ್ನ ಸಲಹೆ. ಊರಿನಿಂದ ಒಂದು ಕಡ್ಡಿ ತಂದಿದ್ದರೆ ಅದನ್ನೂ ಪಕ್ಕದಲ್ಲಿ ನೆಡಿ. ಎರಡೂ ಒಂದೇ ನೀರು ಕುಡಿಯಲಿ. ಚಳಿಗಾಲದಲ್ಲಿ ನೀರು ಕಡಮೆ ಮಾಡಿ, ಡಿಸೆಂಬರಿನಿಂದ ಜನವರಿಯೊಳಗೆ ರೆಂಬೆ ಕತ್ತರಿಸಿ, ಗೊಬ್ಬರ ಕೊಟ್ಟು ಮತ್ತೆ ನೀರೆರೆದರೆ ಬೇಸಗೆಯ ಹೂ ಖಂಡಿತ. ಮಳೆಗಾಲಕ್ಕೂ ಹೂ ಬೇಕಾದರೆ ಜಾಜಿಯಿದೆ. ಮಲ್ಲಿಗೆ ಪೊದೆಯ ಸ್ವಭಾವದ್ದು, ಜಾಜಿ ನಿಜವಾದ ಹಂಬು. ಚಪ್ಪರ ಬೇಡುವುದು ಅದೇ.

ವಿಶಾಖಪಟ್ಟಣದವರು ಗಾಳಿಯನ್ನೂ ಎಣಿಕೆಗೆ ತರಬೇಕು. 2014ರ ಅಕ್ಟೋಬರ್ 12ರಂದು ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತ ಆ ನಗರದ ಮರಗಳನ್ನು ಸಾಲುಸಾಲಾಗಿ ಉರುಳಿಸಿದ್ದನ್ನು ಅಲ್ಲಿದ್ದವರಾರೂ ಮರೆತಿಲ್ಲ. ಸಂಜೆ ಬಿಳಿಯಾಗಿ ಅರಳಿ ಮರುದಿನಗಳಲ್ಲಿ ಕೆಂಪಾಗುವ ರಂಗೂನ್ ಮಲ್ಲಿಗೆ, ತೆಲುಗರ ರಾಧಾಮನೋಹರ, ಆ ಊರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಬೆಳೆಯಬಿಟ್ಟರೆ ಅದರ ಭಾರವೇ ಚಪ್ಪರವನ್ನು ಎಳೆದು ಕೆಡಹೀತು. ಸೆಪ್ಟೆಂಬರ್ ಕೊನೆಗೆ ಆಳೆತ್ತರಕ್ಕೆ ಇಳಿಸಿ ಕತ್ತರಿಸಬೇಕು. ಬುಡವುಳಿದ ಬಳ್ಳಿ ಮತ್ತೆ ಚಿಗುರುತ್ತದೆ. ಬುಡಮೇಲಾದ ಮರಕ್ಕೆ ಆ ಭಾಗ್ಯವಿಲ್ಲ. ವಿಜಯವಾಡದವರ ಭಯ ಬೇರೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ಸಿಂಗ್ ನಗರದ ಕಡೆಯ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತು. ನಿಂತ ನೀರಿನಲ್ಲಿ ಮಲ್ಲಿಗೆಯ ಬೇರು ಕೊಳೆಯುತ್ತದೆ. ಅಂಥ ತಗ್ಗಿನಲ್ಲಿರುವವರು ದಿಬ್ಬ ಮಾಡಿ ನೆಡಲಿ, ಇಲ್ಲವೆ ಮಹಡಿಯ ಮೇಲೆ ಡಬ್ಬದಲ್ಲಿ ಬೆಳೆಸಲಿ.

ಡಬ್ಬವೆಂದಾಗ ಹೋಟೆಲಿನವರು ನಗಬಾರದು. ಅಡಿಗೆಮನೆಯ ಹಿಂದೆ ಬಿದ್ದಿರುವ ಎಣ್ಣೆಯ ಡಬ್ಬವನ್ನು ಬಿಸಿನೀರು ಸೀಗೆಪುಡಿಗಳಿಂದ ತೊಳೆದು, ತಳಕ್ಕೆ ನಾಲ್ಕೈದು ತೂತು ಹೊಡೆದರೆ ಒಂದು ಬಳ್ಳಿಗೆ ಸಾಲುವಷ್ಟು ಮಣ್ಣು ಹಿಡಿಯುತ್ತದೆ. ತಗಡು ಬಿಸಿಲಿಗೆ ಕಾಯುವುದರಿಂದ ಸುತ್ತ ಗೋಣಿ ಸುತ್ತಿ, ಮೇಲೆ ತೆಂಗಿನ ಸಿಪ್ಪೆ ಹರಡಬೇಕು. ಕಾಲು ತಂಪಿನಲ್ಲಿರಲೆಂಬ ಕ್ಲೆಮಾಟಿಸಿನ ನಿಯಮ ಇಲ್ಲಿ ನಮ್ಮ ಬಳ್ಳಿಗಳಿಗೂ ಉಪಕಾರಿ. ಅಕ್ಕಿ, ಉದ್ದು ತೊಳೆದ ನೀರು ನಮ್ಮಲ್ಲಿ ದಿನವೂ ಚರಂಡಿಗೆ ಹೋಗುವ ಸಂಪತ್ತು, ಅದನ್ನು ಹಾಕಬಹುದು. ಕಾಫಿಯ ಚರಟವನ್ನು ಹಾಗೆಯೇ ಸುರಿಯದೆ, ತರಗೆಲೆಯೊಡನೆ ಕೊಳೆಸಿ ಹಾಕಬೇಕು. ಉಪ್ಪು, ಸಾಬೂನು ಕೂಡಿದ ನೀರು ಸರ್ವಥಾ ಕೂಡದು.

ಮೂರನೆಯ ಆಯ್ಕೆ ಬಸಳೆ. ಇದು ಹೂವಿನ ಬಳ್ಳಿಯೇ ಎಂದು ಕೇಳುವವರು ಕೇಳಲಿ. ತೆಲುಗರು ಬಚ್ಚಲಿಯೆಂದು ಕರೆಯುವ ಇದರ ಕೆಂಪು ದಂಟಿನ ಚಪ್ಪರದ ಮುಂದೆ ಎಷ್ಟೋ ಹೂಬಳ್ಳಿಗಳು ಸಪ್ಪೆಯೆನಿಸುತ್ತವೆ. ಮೇಲಾಗಿ, ನೋಡಿ ತಣಿದ ಮೇಲೆ ಹುಳಿ ಮಾಡಿ ಉಣ್ಣಬಹುದಾದ ಬಳ್ಳಿ ಇದೊಂದೇ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಅದು ನಮ್ಮ ಬಹುಪಾಲು ಜನರ ಮನಸ್ಸಿನಲ್ಲಿರುವುದು: “ಬಾಡಿಗೆಯ ಮನೆ, ಇಂದೋ ನಾಳೆಯೋ ವರ್ಗ, ಕೊನೆಗೆ ಊರಿಗೆ ಹೋಗುವವರು ನಾವು, ಇಲ್ಲಿ ಬಳ್ಳಿಯೇಕೆ?” ಹೀಗೆಂದುಕೊಂಡೇ ಇಪ್ಪತ್ತು ಮೂವತ್ತು ವರ್ಷಗಳನ್ನು ಬೋಳು ಜಗಲಿಯಲ್ಲಿ ಕಳೆದವರು ನಮ್ಮಲ್ಲಿದ್ದಾರೆ. ತೆಂಗು ಮಾವುಗಳಿಗೆ ಈ ಮಾತು ಸಲ್ಲಬಹುದು. ಎರಡು ತಿಂಗಳಿಗೆ ಶಂಖಪುಷ್ಪ, ಅದಕ್ಕೂ ಮೊದಲೇ ಬಸಳೆಯ ಸೊಪ್ಪು, ವರ್ಷದೊಳಗೆ ಮೊದಲ ಮೊಗ್ಗು ತೋರುವ ಮಲ್ಲಿಗೆ. ನೆಲದ ಒಡೆತನವಿಲ್ಲದವನಿಗೆ ಇವುಗಳಿಗಿಂತ ಅನುಕೂಲವಾದ ಗಿಡ ಬೇರೆಯಿಲ್ಲ. ಮನೆಯೊಡೆಯರ ಅಪ್ಪಣೆ ಪಡೆದು, ಸುಣ್ಣದ ಗೋಡೆಗೆ ತಗಲದಂತೆ ಒಂದು ಗೇಣು ದೂರಕ್ಕೆ ದಾರ ಕಟ್ಟಿ ಹಬ್ಬಿಸಿದರೆ ಅವರಿಗೂ ತಕರಾರಿರುವುದಿಲ್ಲ.

ಸಸಿಗಳಿಗಾಗಿ ಕೈಫೋನನ್ನು ನಂಬುವ ಅಗತ್ಯವೂ ಇಲ್ಲ. ರಾಜಮಹೇಂದ್ರಿಯ ಸಮೀಪದ ಕಡಿಯಂ ಸಸ್ಯಕ್ಷೇತ್ರಗಳಿಗೆ ದೇಶದಲ್ಲೆಲ್ಲ ಹೆಸರಾದ ಊರು. ನಮ್ಮ ಎರಡೂ ನಗರಗಳ ನಡುವಣ ರೈಲು ದಾರಿಯಲ್ಲಿಯೇ ಇದೆ. ರಜದ ದಿನ ಇಳಿದು, ಎಲೆ ಕಾಂಡಗಳನ್ನು ಕಣ್ಣಾರೆ ನೋಡಿ, ಈ ಸೀಮೆಯ ಬಿಸಿಲಿನಲ್ಲಿಯೇ ಬೆಳೆದ ಸಸಿಯನ್ನು ಆರಿಸಿ ತರಬಹುದು. ಜೂನ್ ಕೊನೆಯ ಮಳೆ ಬಿದ್ದೊಡನೆ ನೆಡುವುದು ಮೇಲು. ವರ್ಗದ ಹುಕುಂ ಬಂದರೆ ಬಳ್ಳಿಯನ್ನು ಕೀಳದೆ ಮುಂದೆ ಬರುವವರಿಗೆ ಬಿಟ್ಟು, ಒಂದು ಹಿಡಿ ಶಂಖಪುಷ್ಪದ ಬೀಜ, ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಮಲ್ಲಿಗೆಯ ಕಡ್ಡಿಗಳನ್ನು ಜತೆಗೊಯ್ಯಿರಿ. ಒಂದು ರಾತ್ರಿಯ ರೈಲು ಪ್ರಯಾಣವನ್ನು ಅವು ತಾಳಿಕೊಳ್ಳುತ್ತವೆ.