ಬಿಚ್ಚುವ ಮುನ್ನ ಗುರುತು ಹಾಕಿಸಿ

ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊರುವ ನಮ್ಮ ಹಳೆಯ ಪಿಕಪ್, ಕ್ಲಚ್ ರಿಪೇರಿಯಾದ ಮೇಲೆ 50 ಕಿಲೋಮೀಟರ್ ವೇಗದಲ್ಲಿ ನಡುಗತೊಡಗಿತು. ಚಕ್ರದ ದೋಷವೆಂದು ಟೈರುಗಳಿಗೆ ಹಣ ಸುರಿದೆವು, ನಡುಕ ನಿಲ್ಲಲಿಲ್ಲ.

ಬೆಳೆಗಾರ ಬಾಂಧವರು ಮೊದಲು ಪರೀಕ್ಷಿಸಿ, ಆಮೇಲೆ ಬಿಡಿಭಾಗ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಜನಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲೇ ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ನಡುಕ ನಿಂತರೆ ಮೊದಲು ಎಂಜಿನ್, ಕ್ಲಚ್ ನೋಡಿ. ಉಳಿದರೆ ಪ್ರೊಪೆಲ್ಲರ್ ಶಾಫ್ಟ್, ಚಕ್ರ ನೋಡಿ. ನಮ್ಮ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಲಿಲ್ಲ. ನಡುವಿನ ಜಾರುವ ಭಾಗವನ್ನು ಹಲ್ಲು ತಪ್ಪಿಸಿ ಜೋಡಿಸಿದ್ದರು. ಸರಿಪಡಿಸಿದೊಡನೆ ಗಾಡಿ ಸುಮ್ಮನಾಯಿತು.

ಆದ್ದರಿಂದ ಶಾಫ್ಟ್ ಬಿಚ್ಚುವ ಮುನ್ನ ಜೋಡಣೆಯ ಎರಡೂ ಕಡೆ ಬಣ್ಣದ ಗೆರೆ ಎಳೆಸಿ. ನಡುಕವನ್ನು ಸಹಿಸಿಕೊಂಡೇ ಓಡಿಸಿದರೆ ಕ್ರಾಸ್ ಸವೆದು ಒಂದು ದಿನ ಶಾಫ್ಟೇ ಕಳಚೀತು. ಆಗಿನ ಅಪಾಯ ಕೊಬ್ಬರಿಗಲ್ಲ, ಗಾಡಿಯಲ್ಲಿ ಕುಳಿತವರಿಗೆ.